ಎಸ್‌ಎಸ್‌ಎಲ್‌ಸಿ, ಸಿಬಿಎಸ್‌ಇ, ಐಸಿಎಸ್‌ಇ, ಎನ್‌ಐಒಎಸ್: ನಿಮ್ಮ ಮಗುವಿಗೆ ಯಾವ ಪರೀಕ್ಷೆ ಹೊಂದುತ್ತದೆ?

ಮಗು ಏಳನೆಯದೋ ಎಂಟನೆಯದೋ ತರಗತಿಯಲ್ಲಿರುವಾಗ ಮನೆಮನೆಯಲ್ಲೂ ಈ ಚರ್ಚೆ ಶುರುವಾಗುತ್ತದೆ. ಸ್ಟೇಟ್ ಸಿಲಬಸ್‌ನಲ್ಲೇ ಬಿಡೋಣವೇ, ಸಿಬಿಎಸ್‌ಇಗೆ ಹಾಕೋಣವೇ? ಐಸಿಎಸ್‌ಇ ತುಂಬಾ ಕಷ್ಟವಂತೆ, ಹೌದೇ? ಮಾತು ಫೀಸು, ಸ್ಕೂಲ್ ಬಸ್ಸು, ಇಂಗ್ಲಿಷು, ಶಾಲೆಯ ಹೆಸರು ಇವುಗಳ ಸುತ್ತ ತಿರುಗಿ ಅಲ್ಲಿಗೇ ಮುಗಿಯುತ್ತದೆ. ಮಗು ಮುಂದಿನ ಮೂರು ವರ್ಷ ಎಂಥ ಪ್ರಶ್ನೆಗಳಿಗೆ ಉತ್ತರ ಬರೆಯಬೇಕು, ಅದನ್ನು ಹೇಗೆ ತೂಗುತ್ತಾರೆ, ಒಮ್ಮೆ ಎಡವಿದರೆ ಮತ್ತೆ ಬರೆಯಲು ಎಷ್ಟು ಅವಕಾಶ ಎಂದು ಕೇಳುವ ತಂದೆತಾಯಿ ಕಡಿಮೆ. ಹೈಸ್ಕೂಲಿನ ಮಟ್ಟಿಗೆ ಮಂಡಳಿಗಳು ನಿಜವಾಗಿ ಬೇರೆಯಾಗುವುದು ಇಲ್ಲೇ. ಹಾಗಾಗಿ ಈ ಬರಹದಲ್ಲಿ ಪರೀಕ್ಷೆಯನ್ನೇ ಮುಂದಿಟ್ಟುಕೊಂಡು ಹೋಲಿಸಿದ್ದೇನೆ.

ಪಾಠ ಹತ್ತಿರ, ಪ್ರಶ್ನೆ ದೂರ

ಮೊದಲು ಒಂದು ತಪ್ಪು ಕಲ್ಪನೆ ಹೋಗಬೇಕು. "ಸ್ಟೇಟ್ ಸಿಲಬಸ್ ಸುಲಭ, ಸಿಬಿಎಸ್‌ಇ ಕಠಿಣ" ಎನ್ನುವವರು ಪಠ್ಯಪುಸ್ತಕ ತೆರೆದು ನೋಡಿರುವುದಿಲ್ಲ. ಕರ್ನಾಟಕದ ಹೈಸ್ಕೂಲು ಗಣಿತ, ವಿಜ್ಞಾನ ಪುಸ್ತಕಗಳು ಹಲವು ವರ್ಷಗಳಿಂದ, ಸಿಬಿಎಸ್‌ಇ ಮಕ್ಕಳೂ ಓದುವ ಎನ್‌ಸಿಇಆರ್‌ಟಿ ಪಠ್ಯವನ್ನೇ ಆಧರಿಸಿವೆ. ಕನ್ನಡ ಮಾಧ್ಯಮದ ಮಗು ಓದುವ ವಿದ್ಯುಚ್ಛಕ್ತಿಯ ಪಾಠವೂ ಸಿಬಿಎಸ್‌ಇ ಮಗು ಓದುವ ಪಾಠವೂ ಹೆಚ್ಚುಕಡಿಮೆ ಒಂದೇ. ಸಮಾಜ ವಿಜ್ಞಾನ ಮತ್ತು ಭಾಷೆಗಳು ಮಾತ್ರ ಬೇರೆ.

ಪ್ರಶ್ನೆ ಪತ್ರಿಕೆಗೆ ಬಂದಾಗ ದಾರಿ ಕವಲೊಡೆಯುತ್ತದೆ. ಓಮ್‌ನ ನಿಯಮವನ್ನು ನಿರೂಪಿಸಿ, ಮಂಡಲದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಎನ್ನುವುದು ಒಂದು ಬಗೆ. 100 ವ್ಯಾಟ್‌ನದೊಂದು, 60 ವ್ಯಾಟ್‌ನದೊಂದು ಬಲ್ಬನ್ನು ಮನೆಯಲ್ಲಿ ಸಮಾಂತರವಾಗಿ ಜೋಡಿಸಿದಾಗ 100 ವ್ಯಾಟ್‌ನದು ಹೆಚ್ಚು ಬೆಳಗುತ್ತದೆ, ಅವೇ ಎರಡನ್ನು ಸರಣಿಯಲ್ಲಿ ಜೋಡಿಸಿದರೆ 60 ವ್ಯಾಟ್‌ನದು ಹೆಚ್ಚು ಬೆಳಗುತ್ತದೆ, ಏಕೆ ಎನ್ನುವುದು ಇನ್ನೊಂದು ಬಗೆ. ಮೊದಲನೆಯದಕ್ಕೆ ಪಾಠವನ್ನು ಶಿಸ್ತಾಗಿ ಓದಿ, ಬರೆದು ಅಭ್ಯಾಸ ಮಾಡಿದ ಮಗು ಪೂರ್ತಿ ಅಂಕ ತೆಗೆಯುತ್ತದೆ. ಎರಡನೆಯದಕ್ಕೆ ರೋಧ ಮತ್ತು ವಿದ್ಯುತ್ ಸಾಮರ್ಥ್ಯದ ಸಂಬಂಧ ತಲೆಗೆ ಹತ್ತಿರಬೇಕು. ಎರಡೂ ಮಂಡಳಿಗಳ ಪತ್ರಿಕೆಯಲ್ಲಿ ಎರಡೂ ಬಗೆಯ ಪ್ರಶ್ನೆಗಳಿರುತ್ತವೆ. ಆದರೆ ಪ್ರಮಾಣ ಬೇರೆ. ಸಿಬಿಎಸ್‌ಇ 9 ಮತ್ತು 10ನೇ ತರಗತಿಯ ಪತ್ರಿಕೆಯಲ್ಲಿ ಸುಮಾರು ಅರ್ಧದಷ್ಟು ಪ್ರಶ್ನೆಗಳು ಸಾಮರ್ಥ್ಯ ಆಧಾರಿತವಾಗಿರಬೇಕು, ಅಂದರೆ ಕಲಿತದ್ದನ್ನು ಅನ್ವಯಿಸಿ ಉತ್ತರಿಸುವಂಥವಾಗಿರಬೇಕು ಎಂದು ನಿಯಮವನ್ನೇ ಮಾಡಿದೆ. ಒಂದು ಸನ್ನಿವೇಶ ಕೊಟ್ಟು ಅದರ ಮೇಲೆ ಕೇಳುವ ಪ್ರಶ್ನೆ, ಹೇಳಿಕೆ-ಕಾರಣ ಜೋಡಿ, ದತ್ತಾಂಶ ಓದಿಸುವ ಪ್ರಶ್ನೆ ಇವೆಲ್ಲ ಅದರಲ್ಲಿ ಬರುತ್ತವೆ. ಸುಮಾರು ಶೇ 20ರಷ್ಟು ಬಹು ಆಯ್ಕೆ, ಉಳಿದ ಶೇ 30ರಷ್ಟು ಬರೆದು ಉತ್ತರಿಸುವ ಪ್ರಶ್ನೆಗಳು. ಎಸ್‌ಎಸ್‌ಎಲ್‌ಸಿಯಲ್ಲಿ ಮಾದರಿ ಪ್ರಶ್ನೆ ಪತ್ರಿಕೆ, ನೀಲನಕ್ಷೆ (ಯಾವ ಪಾಠಕ್ಕೆ ಎಷ್ಟು ಅಂಕ ಎಂಬ ಪಟ್ಟಿ), ಪಾಠದ ಕೊನೆಯ ಅಭ್ಯಾಸ ಇವುಗಳ ಹಿಡಿತ ಹೆಚ್ಚು. ಪೂರ್ವಸಿದ್ಧತಾ ಪರೀಕ್ಷೆಗಳನ್ನು ನಿಷ್ಠೆಯಿಂದ ಬರೆದ ಮಗುವಿಗೆ ಮುಖ್ಯ ಪರೀಕ್ಷೆಯ ದಿನ ಪತ್ರಿಕೆಯ ಮುಖ ಪರಿಚಿತವಾಗಿಯೇ ಇರುತ್ತದೆ.

ಇದರಲ್ಲಿ ಒಂದು ಮೇಲು, ಇನ್ನೊಂದು ಕೀಳು ಎಂದು ನಾನು ಹೇಳುವುದಿಲ್ಲ. ಶಿಸ್ತಾಗಿ ಓದಿದ್ದಕ್ಕೆ ಖಾತ್ರಿ ಫಲ ಸಿಗುವುದು, ವಿಶೇಷವಾಗಿ ಮನೆಯಲ್ಲಿ ಮೊದಲ ಬಾರಿಗೆ ಹತ್ತನೇ ತರಗತಿ ಮುಟ್ಟಿದ ಮಗುವಿಗೆ, ಸಣ್ಣ ವಿಷಯವಲ್ಲ.

625ರ ಲೆಕ್ಕ

ಎಸ್‌ಎಸ್‌ಎಲ್‌ಸಿ ನಡೆಸುವುದು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿ. ವಿಷಯ ಆರು. ಪ್ರಥಮ ಭಾಷೆಗೆ 125 ಅಂಕ: ಲಿಖಿತ 100, ಆಂತರಿಕ 25. ಉಳಿದ ಐದಕ್ಕೆ ತಲಾ 100: ಲಿಖಿತ 80, ಆಂತರಿಕ 20. ಒಟ್ಟು 625.

ಈ ಸಂಖ್ಯೆಯನ್ನು ಎಲ್ಲರೂ ಬಲ್ಲರು, ಅದರೊಳಗೇನಿದೆ ಎಂದು ಒಡೆದು ನೋಡುವವರು ಅಪರೂಪ. ಮೂರು ಭಾಷೆಗಳ ಅಂಕ ಕೂಡಿಸಿ: 125, 100, 100. ಒಟ್ಟು 325. ಅಂದರೆ ಎಸ್‌ಎಸ್‌ಎಲ್‌ಸಿಯ ಶೇ 52ರಷ್ಟು ಅಂಕ ಭಾಷೆಗಳದು. ಗಣಿತ ಮತ್ತು ವಿಜ್ಞಾನ ಎರಡೂ ಸೇರಿ 200, ಶೇ 32 ಮಾತ್ರ. ಸಿಬಿಎಸ್‌ಇಯಲ್ಲಿ ಹತ್ತನೆಗೆ ಕಡ್ಡಾಯ ವಿಷಯ ಐದು: ಎರಡು ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ. ಅಲ್ಲಿ ಭಾಷೆಗಳ ಪಾಲು ಶೇ 40, ಗಣಿತ-ವಿಜ್ಞಾನದ ಪಾಲೂ ಶೇ 40.

ಮಂಡಳಿ ಆರಿಸುವಾಗ ಈ ಲೆಕ್ಕ ಬಹಳ ಮುಖ್ಯ ಎಂದು ನಾನು ನಂಬಿದ್ದೇನೆ. ಕನ್ನಡ ಚೆನ್ನಾಗಿ ಓದಿ ಬರೆಯುವ, ಕವಿತೆಯ ಸಾರಾಂಶವನ್ನು ತನ್ನ ಮಾತಲ್ಲಿ ಹೇಳಬಲ್ಲ, ಹಿಂದಿಯೂ ಸರಾಗವಾಗಿ ಬರುವ, ಆದರೆ ಗಣಿತದಲ್ಲಿ ಸಾಧಾರಣ ಎನ್ನುವ ಮಗುವಿಗೆ ಎಸ್‌ಎಸ್‌ಎಲ್‌ಸಿಯ ಲೆಕ್ಕಾಚಾರ ಅನುಕೂಲ. ಗಣಿತವೆಂದರೆ ಹಿಗ್ಗುವ, ಮೂರನೇ ಭಾಷೆಯ ವ್ಯಾಕರಣ ಕಂಡರೆ ಮುದುಡುವ ಮಗುವಿಗೆ ಸಿಬಿಎಸ್‌ಇಯ ಐದು ವಿಷಯ ಹಗುರ. ಇನ್ನೊಂದು ಎಚ್ಚರಿಕೆ: ಎಂಟರವರೆಗೆ ಬೇರೆ ಮಂಡಳಿಯಲ್ಲಿ ಕನ್ನಡವನ್ನು ಹೆಸರಿಗಷ್ಟೇ ಕಲಿತ ಮಗುವನ್ನು ಒಂಬತ್ತಕ್ಕೆ ರಾಜ್ಯ ಪಠ್ಯಕ್ಕೆ ತಂದು ಕನ್ನಡವನ್ನು ಪ್ರಥಮ ಭಾಷೆಯಾಗಿ ಕೊಡಿಸಬೇಡಿ. ಹಳಗನ್ನಡ ಪದ್ಯ, ಛಂದಸ್ಸು, ಅಲಂಕಾರ, ಗಾದೆಯ ವಿಸ್ತರಣೆ ಎಲ್ಲವೂ ಅಲ್ಲಿದೆ. ಎರಡು ವರ್ಷದಲ್ಲಿ ಅದನ್ನು ದಕ್ಕಿಸಿಕೊಳ್ಳುವುದು ಎಲ್ಲರಿಗೂ ಆಗುವುದಿಲ್ಲ. ಪ್ರಥಮ ಭಾಷೆಯಾಗಿ ಇಂಗ್ಲಿಷ್, ಸಂಸ್ಕೃತ, ಉರ್ದು, ಮರಾಠಿ, ತೆಲುಗು, ತಮಿಳು, ಹಿಂದಿ ಕೂಡ ಮಂಡಲಿಯಲ್ಲಿವೆ. ಆದರೆ ನಿಮ್ಮ ಶಾಲೆಯಲ್ಲಿ ಯಾವುದಕ್ಕೆ ಶಿಕ್ಷಕರಿದ್ದಾರೆ ಎಂದು ಮೊದಲು ಕೇಳಿ.

ಭಾಷೆಗಳ ಈ ಲೆಕ್ಕ ಬದಲಾಗುವ ಸಾಧ್ಯತೆಯೂ ಇದೆ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿಯಲ್ಲಿ ದ್ವಿಭಾಷಾ ಸೂತ್ರವನ್ನು ಶಿಫಾರಸು ಮಾಡಿದೆ. ಹಾಗಾಗಿ ಈಗ ಎಂಟನೆಯಲ್ಲಿರುವ ಮಗುವಿನ ಪೋಷಕರು ತೃತೀಯ ಭಾಷೆಯ ಬಗ್ಗೆ ಶಾಲೆಯಲ್ಲಿ ಆಯಾ ವರ್ಷದ ಸುತ್ತೋಲೆಯನ್ನೇ ಕೇಳಿ ನೋಡಬೇಕು.

ಎಡವಿದರೆ ಮತ್ತೆ ಏಳುವ ದಾರಿ

ಇದರಲ್ಲಿ ರಾಜ್ಯ ಮಂಡಲಿ ಇಂದು ಸಿಬಿಎಸ್‌ಇ, ಐಸಿಎಸ್‌ಇಗಳಿಗಿಂತ ಉದಾರ. 2024ರಿಂದ ವಾರ್ಷಿಕ ಪರೀಕ್ಷೆ, ಪೂರಕ ಪರೀಕ್ಷೆ ಎಂಬ ಹೆಸರು ಹೋಗಿ ಪರೀಕ್ಷೆ-1, ಪರೀಕ್ಷೆ-2 ಎಂಬ ಹೆಸರುಗಳು ಬಂದಿವೆ. ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ. ಫೇಲಾದವರು ಮಾತ್ರವಲ್ಲ, ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು, ಯಾವುದರಲ್ಲಿ ಹೆಚ್ಚು ಬಂತೋ ಅದೇ ಉಳಿಯುತ್ತದೆ. ಪೂರಕ ಎಂಬ ಹಣೆಪಟ್ಟಿ ಹೋದದ್ದು ಒಳ್ಳೆಯ ಸುಧಾರಣೆ. ಜ್ವರ ಬಂದು ಗಣಿತದ ಪರೀಕ್ಷೆ ಕೆಟ್ಟ ಹುಡುಗಿಗೆ ವರ್ಷ ಕಳೆಯುವುದಿಲ್ಲ.

ಪಾಸಿನ ಗೆರೆಯೂ ಸರಿದಿದೆ. ದಶಕಗಳ ಕಾಲ 35 ಎಂದರೆ ಪಾಸು ಎಂಬ ಮಾತಿತ್ತು. 2025ರ ಅಕ್ಟೋಬರ್‌ನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಅವರು 2025-26ನೇ ಸಾಲಿನಿಂದ ಒಟ್ಟಾರೆ ಶೇ 33, ಅಂದರೆ 625ಕ್ಕೆ 206, ಮತ್ತು ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30 ಇದ್ದರೆ ಸಾಕು ಎಂದು ಪ್ರಕಟಿಸಿದರು. ಸಿಬಿಎಸ್‌ಇ, ಐಸಿಎಸ್‌ಇಗಳಲ್ಲಿ ಈಗಾಗಲೇ ಶೇ 33 ಇರುವುದರಿಂದ ಒಟ್ಟು ಗೆರೆ ಈಗ ಹತ್ತಿರ ಬಂದಿದೆ. ಅಲ್ಲಿ ಆ 33 ಪ್ರತಿ ವಿಷಯಕ್ಕೂ ಬೇಕು ಎಂಬುದೇ ವ್ಯತ್ಯಾಸ.

ಸಿಬಿಎಸ್‌ಇ 2026ರಿಂದ ಹತ್ತನೇ ತರಗತಿಗೆ ಎರಡು ಪರೀಕ್ಷೆ ತಂದಿದೆ. ಫೆಬ್ರವರಿಯಲ್ಲಿ ಶುರುವಾಗುವ ಮೊದಲನೆಯದು ಎಲ್ಲರಿಗೂ ಕಡ್ಡಾಯ. ಮೇ ತಿಂಗಳಿನದು ಐಚ್ಛಿಕ, ವಿಜ್ಞಾನ, ಗಣಿತ, ಸಮಾಜ ವಿಜ್ಞಾನ, ಭಾಷೆಗಳಲ್ಲಿ ಗರಿಷ್ಠ ಮೂರು ವಿಷಯಗಳಿಗೆ ಮಾತ್ರ. ಇಲ್ಲಿ ಒಂದು ಅಂಶವನ್ನು ಬಹಳ ಪೋಷಕರು ಗಮನಿಸಿಲ್ಲ: ಮೊದಲ ಪರೀಕ್ಷೆಯಲ್ಲಿ ಮೂರು ಅಥವಾ ಹೆಚ್ಚು ವಿಷಯಗಳಿಗೆ ಗೈರಾದವರು ಎರಡನೆಯದನ್ನು ಬರೆಯುವಂತಿಲ್ಲ, ಮುಂದಿನ ವರ್ಷವೇ ಕಾಯಬೇಕು. "ತಯಾರಿ ಸಾಲದು, ಮೇನಲ್ಲಿ ಬರೆದರಾಯಿತು" ಎಂದು ಯಾರೂ ಮಗುವಿಗೆ ಹೇಳಬಾರದು. ಐಸಿಎಸ್‌ಇಯಲ್ಲಿ 2024ರಿಂದ ಎರಡು ವಿಷಯಗಳವರೆಗೆ ಅದೇ ವರ್ಷ ಸುಧಾರಣಾ ಪರೀಕ್ಷೆ ಬರೆಯಲು ಅವಕಾಶವಿದೆ.

ಅಂಕ ಕಡಿಮೆ ಎನಿಸಿದರೆ ಉತ್ತರ ಪತ್ರಿಕೆಯ ಪ್ರತಿ ತರಿಸಿಕೊಂಡು ನೋಡಿ, ಆಮೇಲೆ ಮರು ಎಣಿಕೆಗೋ ಮರುಮೌಲ್ಯಮಾಪನಕ್ಕೋ ಹಾಕುವ ದಾರಿ ಎಸ್‌ಎಸ್‌ಎಲ್‌ಸಿಯಲ್ಲಿ ಬಹಳ ಹಿಂದಿನಿಂದ ಇದೆ. ಸಿಬಿಎಸ್‌ಇಯೂ 2025ರಿಂದ ಪ್ರತಿಯನ್ನು ಮೊದಲು ಕೊಟ್ಟು, ನೋಡಿದ ಮೇಲೆ ಅರ್ಜಿ ಹಾಕುವ ಕ್ರಮಕ್ಕೆ ಬಂದಿದೆ. ಪ್ರತಿ ತರಿಸಿ ವಿಷಯ ಶಿಕ್ಷಕರೊಂದಿಗೆ ಕುಳಿತು, ಪ್ರಕಟಿತ ಮಾದರಿ ಉತ್ತರದೊಡನೆ ಹಂತ ಹಂತವಾಗಿ ಹೋಲಿಸಿ. ಗಣಿತದಲ್ಲಿ ಕೊನೆಯ ಉತ್ತರ ತಪ್ಪಿದರೂ ಹಂತಗಳಿಗೆ ಅಂಕವಿದೆ. ಕೊರತೆ ಕಾಣುವುದು ಸಾಮಾನ್ಯವಾಗಿ ಅಲ್ಲೇ.

ಫಲಿತಾಂಶದ ಶೇಕಡಾವಾರು ಏನು ಹೇಳುತ್ತದೆ?

2023ರಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇ 83.89. 2024ರಲ್ಲಿ ಶೇ 73.40. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾದರೇ? ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ಸಿಸಿಟಿವಿ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ನಕಲಿಗೆ ಕಡಿವಾಣ ಬಿತ್ತು. ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದ ಮೇಲೂ ಫಲಿತಾಂಶ ಹತ್ತು ಅಂಶ ಇಳಿಯಿತು. 2025ರಲ್ಲಿ ಆ ಹೆಚ್ಚುವರಿ ಕೃಪಾಂಕವನ್ನೂ ತೆಗೆದಾಗ ಪರೀಕ್ಷೆ-1ರ ಫಲಿತಾಂಶ ಶೇ 62.34ಕ್ಕೆ ಬಂತು. ಈ ಇಳಿಕೆಯನ್ನು ಅವಮಾನ ಎಂದವರಿದ್ದಾರೆ. ನನಗೆ ಅದು ಹಾಗೆ ಕಾಣುವುದಿಲ್ಲ. ಕೆಳಗಿನ ತರಗತಿಗಳಲ್ಲಿ ಓದು-ಬರಹ ಸರಿಯಾಗಿ ಆಗಿಲ್ಲ ಎಂಬ ಸತ್ಯ ಹತ್ತನೆಯಲ್ಲಿ ಕಣ್ಣಿಗೆ ಬಿತ್ತು. ಮುಚ್ಚಿಟ್ಟ ಅಂಕಪಟ್ಟಿಗಿಂತ ಅದು ಮಕ್ಕಳಿಗೆ ಒಳ್ಳೆಯದು.

ಜಿಲ್ಲೆಗಳ ಅಂತರ ಇನ್ನೂ ಕಣ್ಣು ತೆರೆಸುತ್ತದೆ. 2024ರಲ್ಲಿ ಮೊದಲ ಸ್ಥಾನದ ಉಡುಪಿ ಶೇ 94, ಕೊನೆಯ ಯಾದಗಿರಿ ಸುಮಾರು ಶೇ 50. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಕಲಬುರಗಿ ಕೊನೆ. ಎಲ್ಲರಿಗೂ ಅದೇ ಪಠ್ಯ, ಅದೇ ಪ್ರಶ್ನೆ ಪತ್ರಿಕೆ, ಅದೇ ಮಂಡಲಿ. ಹಾಗಿದ್ದೂ ಇಷ್ಟು ಅಂತರ ಬಂತು ಎಂದರೆ ಮಂಡಳಿಯ ಹೆಸರಿಗಿಂತ ಶಾಲೆಯಲ್ಲಿ ಶಿಕ್ಷಕರಿದ್ದಾರೆಯೇ, ಅವರು ಕಲಿಸುತ್ತಿದ್ದಾರೆಯೇ ಎಂಬುದೇ ದೊಡ್ಡದು. ಕಲಬುರಗಿಯಲ್ಲಿರುವ ತಂದೆತಾಯಿ ಸಿಬಿಎಸ್‌ಇ ಬೋರ್ಡು ನೇತುಹಾಕಿದ ಯಾವುದೋ ಶಾಲೆಗೆ ಓಡುವ ಮೊದಲು, ಗಣಿತ ಮತ್ತು ವಿಜ್ಞಾನಕ್ಕೆ ಕಾಯಂ ಶಿಕ್ಷಕರಿರುವ ಶಾಲೆ ಯಾವುದು ಎಂದು ಹುಡುಕುವುದು ಮೇಲು. ಅದು ಸರ್ಕಾರಿ ಹೈಸ್ಕೂಲೂ ಆಗಿರಬಹುದು.

ಆಯಾ ಶಾಲೆಯ "ಶೇ 100 ಫಲಿತಾಂಶ" ಬ್ಯಾನರಿನ ಬಗ್ಗೆಯೂ ಹೇಳಲೇಬೇಕು. ಎಂಟರವರೆಗೆ ಮಕ್ಕಳನ್ನು ಫೇಲು ಮಾಡುವುದಕ್ಕೆ ಶಿಕ್ಷಣ ಹಕ್ಕು ಕಾಯ್ದೆಯ ಕಟ್ಟುಪಾಡುಗಳಿವೆ. ಒಂಬತ್ತಕ್ಕೆ ಅಂಥ ತಡೆ ಇಲ್ಲ. ರಾಜ್ಯ ಸರ್ಕಾರ 5, 8, 9 ಮತ್ತು 11ನೇ ತರಗತಿಗಳಿಗೆ ರಾಜ್ಯ ಮಟ್ಟದ ಪರೀಕ್ಷೆ ನಡೆಸಲು ಹೊರಟದ್ದು ಕೋರ್ಟಿನ ಮೆಟ್ಟಿಲೇರಿ, 2024ರಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶವನ್ನೇ ತಡೆಹಿಡಿಯಿತು. ಹಾಗಾಗಿ ಒಂಬತ್ತರ ಮೌಲ್ಯಮಾಪನ ಶಾಲೆಯ ಕೈಯಲ್ಲೇ ಇದೆ. ಕೆಲವು ಶಾಲೆಗಳು ಅದನ್ನು ಜರಡಿಯಂತೆ ಬಳಸುತ್ತವೆ: ನಿಧಾನಗತಿಯ ಮಕ್ಕಳನ್ನು ಒಂಬತ್ತರಲ್ಲೇ ಉಳಿಸುವುದು, ಟಿಸಿ ಕೊಟ್ಟು ಕಳಿಸುವುದು, ಖಾಸಗಿ ಅಭ್ಯರ್ಥಿಯಾಗಿ ಕಟ್ಟಿಸುವುದು. ಉಳಿದವರೆಲ್ಲ ಪಾಸು, ಬ್ಯಾನರು ಸಿದ್ಧ. ಇದನ್ನು ಕಂಡುಹಿಡಿಯುವುದು ಕಷ್ಟವಲ್ಲ. ಎರಡು ವರ್ಷದ ಹಿಂದೆ ಎಂಟನೆಯಲ್ಲಿ ಎಷ್ಟು ಮಕ್ಕಳಿದ್ದರು, ಈ ವರ್ಷ ಹತ್ತನೇ ಪರೀಕ್ಷೆಗೆ ಎಷ್ಟು ಜನ ಕುಳಿತರು ಎಂದು ಕೇಳಿ. ಕೇಂದ್ರದ ಯುಡೈಸ್ ಪ್ಲಸ್ ಜಾಲತಾಣದ ಶಾಲಾ ವರದಿಯಲ್ಲೂ ದಾಖಲಾತಿ ಮತ್ತು ಶಿಕ್ಷಕರ ಸಂಖ್ಯೆ ನೋಡಲು ಸಿಗುತ್ತದೆ. 80 ಮಕ್ಕಳ ಎಂಟನೇ ತರಗತಿ ಹತ್ತಕ್ಕೆ ಬರುವಾಗ 55 ಆಗಿದ್ದರೆ, ಉಳಿದ 25 ಮಕ್ಕಳ ಕಥೆ ಏನು ಎಂಬುದೇ ಆ ಶಾಲೆಯ ನಿಜವಾದ ಫಲಿತಾಂಶ.

ಶಾಲೆಗಳನ್ನೇ ಅಳೆಯುವ ಸರ್ಕಾರಿ ವ್ಯವಸ್ಥೆಗಳೂ ಇವೆ. 'ಶಾಲಾ ಸಿದ್ಧಿ'ಯಲ್ಲಿ ಶಾಲೆ ತನ್ನನ್ನು ತಾನೇ ಅಳೆದುಕೊಳ್ಳುತ್ತದೆ. 2024ರ ಡಿಸೆಂಬರ್‌ನಲ್ಲಿ ನಡೆದ ಪರಖ್ ರಾಷ್ಟ್ರೀಯ ಸಮೀಕ್ಷೆ 3, 6, 9ನೇ ತರಗತಿಯ ಮಕ್ಕಳ ಕಲಿಕೆಯನ್ನು ಮಾದರಿಯಾಗಿ ಆರಿಸಿದ ಶಾಲೆಗಳಲ್ಲಿ ಪರೀಕ್ಷಿಸಿತು. ಅವು ಜಿಲ್ಲೆ, ರಾಜ್ಯಗಳಿಗೆ ಉಪಯುಕ್ತ. ನೀವು ಒಂದು ಶಾಲೆ ಆರಿಸಲು ಅವುಗಳಿಂದ ಹೆಚ್ಚು ಸಹಾಯವಿಲ್ಲ.

ಸಿಬಿಎಸ್‌ಇ ಗ್ರೇಡ್ ಓದುವ ಬಗೆ

ಎಸ್‌ಎಸ್‌ಎಲ್‌ಸಿಯಲ್ಲಿ ಗ್ರೇಡ್ ನೇರ: 90ರ ಮೇಲೆ ಎ ಪ್ಲಸ್, 80ರ ಮೇಲೆ ಎ, ಹೀಗೆ ಇಳಿಯುತ್ತದೆ. ಸಿಬಿಎಸ್‌ಇ ಗ್ರೇಡ್ ಹಾಗಲ್ಲ. ಒಂದು ವಿಷಯದಲ್ಲಿ ಪಾಸಾದವರನ್ನೆಲ್ಲ ಅಂಕದ ಕ್ರಮದಲ್ಲಿ ನಿಲ್ಲಿಸಿ, ಮೇಲಿನ ಎಂಟನೇ ಒಂದು ಭಾಗಕ್ಕೆ ಎ1, ಮುಂದಿನ ಎಂಟನೇ ಒಂದಕ್ಕೆ ಎ2 ಎಂದು ಕೊಡುತ್ತಾರೆ. ಹಾಗಾಗಿ ಒಂದು ವಿಷಯದಲ್ಲಿ 90ಕ್ಕೆ ಎ1 ಬಂದರೆ ಇನ್ನೊಂದರಲ್ಲಿ 92ಕ್ಕೂ ಎ2 ಬರಬಹುದು. ಮಗು ಕಡಿಮೆ ಕಲಿತಿದೆ ಎಂದು ಅದರಿಂದ ತೀರ್ಮಾನಿಸಬೇಡಿ. ಒಟ್ಟು ಶೇಕಡಾವಾರು, ದರ್ಜೆ, ರ‍್ಯಾಂಕ್ ಇವುಗಳನ್ನು ಸಿಬಿಎಸ್‌ಇ ಕೊಡುವುದೇ ಇಲ್ಲ. ಪಿಯು ಕಾಲೇಜಿನವರೇ ತಮ್ಮ ಲೆಕ್ಕ ಹಾಕಿಕೊಳ್ಳುತ್ತಾರೆ.

ಗಣಿತದಲ್ಲಿ 2020ರಿಂದ ಬೇಸಿಕ್ ಮತ್ತು ಸ್ಟ್ಯಾಂಡರ್ಡ್ ಎಂಬ ಎರಡು ಮಟ್ಟದ ಪತ್ರಿಕೆಗಳಿವೆ. ಪಾಠ ಒಂದೇ, ಪತ್ರಿಕೆಯ ಕಾಠಿಣ್ಯ ಬೇರೆ. ಮುಂದೆ ಕಲೆ, ಕಾನೂನು, ವಿನ್ಯಾಸದ ಕಡೆ ಹೋಗುವ, ಗಣಿತದ ಭಯದಿಂದ ಉಳಿದ ವಿಷಯವನ್ನೂ ಕೆಡಿಸಿಕೊಳ್ಳುವ ಮಗುವಿಗೆ ಬೇಸಿಕ್ ದೊಡ್ಡ ಉಪಕಾರ. ಆದರೆ ಪಿಯು ವಿಜ್ಞಾನದ ಸಣ್ಣ ಆಸೆ ಇದ್ದರೂ ಸ್ಟ್ಯಾಂಡರ್ಡೇ ಬರೆಸಿ. ಇಂಥ ಆಯ್ಕೆ ರಾಜ್ಯ ಮಂಡಲಿಯಲ್ಲಿಲ್ಲ, ಇರಬೇಕಿತ್ತು ಎಂದು ನನಗೆ ಅನಿಸುತ್ತದೆ. ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತವೊಂದರಿಂದಲೇ ಓದು ನಿಲ್ಲಿಸಿದ ಮಕ್ಕಳು ಎಲ್ಲ ಊರಲ್ಲೂ ಇದ್ದಾರೆ.

ಆಂತರಿಕ 20 ಅಂಕವನ್ನು ಸಿಬಿಎಸ್‌ಇ ಕಿರುಪರೀಕ್ಷೆ, ಬಹುವಿಧ ಮೌಲ್ಯಮಾಪನ, ಪೋರ್ಟ್‌ಫೋಲಿಯೊ, ಪ್ರಯೋಗ ಅಥವಾ ಭಾಷಾ ಚಟುವಟಿಕೆ ಎಂದು ತಲಾ ಐದರಂತೆ ಹಂಚಿದೆ. ರಾಜ್ಯದಲ್ಲಿ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳ, ಶಾಲೆಯ ಮಾತಿನಲ್ಲಿ ಎಫ್‌ಎಗಳ, ಅಂಕವನ್ನು ಇಳಿಸಿ ಸೇರಿಸುತ್ತಾರೆ. ಕಾಗದದ ಮೇಲೆ ಎರಡೂ ಚಂದ. ನಡೆಯುವುದೇನೆಂದರೆ ಬಹುತೇಕ ಎಲ್ಲರಿಗೂ 18, 19, 20. ಚಟುವಟಿಕೆಯ ಹೆಸರಲ್ಲಿ ಥರ್ಮಾಕೋಲಿನ ಮಾದರಿಯನ್ನು ಅಂಗಡಿಯಿಂದ ತರುವುದು, ಪ್ರಾಜೆಕ್ಟನ್ನು ಅಮ್ಮ ರಾತ್ರಿ ಕುಳಿತು ಬರೆಯುವುದು. ಮಂಡಳಿಯನ್ನು ಬದಲಿಸಿದರೆ ಇದು ಬದಲಾಗುವುದಿಲ್ಲ. ಆಂತರಿಕ ಮೌಲ್ಯಮಾಪನವನ್ನು ನಿಜಕ್ಕೂ ನಡೆಸುವ ಶಾಲೆಯನ್ನು ಹುಡುಕಬೇಕು, ಅಷ್ಟೇ.

ಐಸಿಎಸ್‌ಇ ಯಾರಿಗೆ?

ಐಸಿಎಸ್‌ಇ ನಡೆಸುವುದು 1958ರಲ್ಲಿ ಶುರುವಾದ ಸರ್ಕಾರೇತರ ಮಂಡಳಿ, ಸಿಐಎಸ್‌ಸಿಇ. ಇಂಗ್ಲಿಷ್ ಮಾಧ್ಯಮ ಮಾತ್ರ. ಇದರ ವಿಶೇಷ ಎಂದರೆ ಪತ್ರಿಕೆಗಳ ಸಂಖ್ಯೆ. ಇಂಗ್ಲಿಷಿಗೆ ಭಾಷೆಯದೊಂದು, ಸಾಹಿತ್ಯದ್ದೊಂದು. ಇತಿಹಾಸ-ಪೌರನೀತಿ ಒಂದು, ಭೂಗೋಳ ಒಂದು. ವಿಜ್ಞಾನಕ್ಕೆ ಭೌತ, ರಸಾಯನ, ಜೀವ ಮೂರೂ ಬೇರೆ ಬೇರೆ. ಬರೆಯುವುದನ್ನು ಇಷ್ಟಪಡುವ, ಮನೆಯಲ್ಲಿ ಇಂಗ್ಲಿಷ್ ಓದಿನ ವಾತಾವರಣ ಇರುವ ಮಗುವಿಗೆ ಇದು ಒಳ್ಳೆಯ ತರಬೇತಿ. ಮೂರನೇ ಗುಂಪಿನ ಆಯ್ಕೆಯ ವಿಷಯಗಳಲ್ಲಿ, ಕಂಪ್ಯೂಟರ್ ಅಪ್ಲಿಕೇಶನ್ಸ್‌ನಂಥವುಗಳಲ್ಲಿ, ಅರ್ಧ ಅಂಕ ಆಂತರಿಕ. ಗಣಿತ-ವಿಜ್ಞಾನದ ಬದಲು ಅರ್ಥಶಾಸ್ತ್ರ, ವಾಣಿಜ್ಯ ತೆಗೆದುಕೊಳ್ಳುವ ಸ್ವಾತಂತ್ರ್ಯವೂ ನಿಯಮದಲ್ಲಿದೆ, ಶಾಲೆ ಅದನ್ನು ಕೊಟ್ಟರೆ. ಎಂಟನೆಯಲ್ಲಿ ಹೊಸದಾಗಿ ಇದಕ್ಕೆ ಸೇರಿಸುವುದನ್ನು ನಾನು ಬೇಡವೆನ್ನುತ್ತೇನೆ. ಇದು ಚಿಕ್ಕಂದಿನಿಂದ ಆ ದಾರಿಯಲ್ಲಿ ಬಂದವರಿಗೆ.

ಎನ್‌ಐಒಎಸ್ ಎಂದರೆ ಸೋಲಲ್ಲ

ಮುಕ್ತ ಶಾಲೆಯನ್ನು ಫೇಲಾದವರ ಜಾಗ ಎಂದು ಕಾಣುವ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ, ಅದರಿಂದ ಬಹಳ ಮಕ್ಕಳಿಗೆ ನಷ್ಟವಾಗುತ್ತಿದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ 1989ರಿಂದ ಇದೆ. ಹತ್ತನೇ ಮಟ್ಟಕ್ಕೆ ಐದು ವಿಷಯ ಸಾಕು, ಒಂದು ಭಾಷೆ ಇರಬೇಕು, ಕನ್ನಡವನ್ನೂ ತೆಗೆದುಕೊಳ್ಳಬಹುದು. ಗಣಿತ ಕಡ್ಡಾಯವಲ್ಲ. ನೋಂದಣಿ ಐದು ವರ್ಷ ಚಾಲ್ತಿಯಲ್ಲಿರುತ್ತದೆ, ಅಷ್ಟರೊಳಗೆ ಒಂಬತ್ತು ಅವಕಾಶ. ವರ್ಷಕ್ಕೆ ಎರಡು ಸಲ ಸಾರ್ವಜನಿಕ ಪರೀಕ್ಷೆ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್. ಸಿದ್ಧವಾದಾಗ ಬರೆಯುವ ಬೇಡಿಕೆಯ ಪರೀಕ್ಷೆಯೂ ಇದೆ. ಬೇರೆ ಮಂಡಳಿಯಲ್ಲಿ ಪಾಸಾದ ಎರಡು ವಿಷಯಗಳವರೆಗೆ ಅಂಕವನ್ನು ಇಲ್ಲಿಗೆ ತರಬಹುದು. ಮನೆಯಲ್ಲಿ ಬರೆದು ಒಪ್ಪಿಸುವ ನಿಯೋಜಿತ ಕಾರ್ಯಕ್ಕೆ ಶೇ 20 ಅಂಕ.

ಡಿಸ್ಲೆಕ್ಸಿಯಾ ಇರುವ ಮಗು, ದೀರ್ಘ ಕಾಯಿಲೆಯ ಮಗು, ದಿನಕ್ಕೆ ಐದಾರು ತಾಸು ಅಭ್ಯಾಸ ಮಾಡುವ ಕ್ರೀಡಾಪಟು ಅಥವಾ ಸಂಗೀತ ವಿದ್ಯಾರ್ಥಿ, ದುಡಿಮೆಗೆ ಇಳಿದು ಶಾಲೆ ಬಿಟ್ಟ ಹುಡುಗ: ಇವರಿಗೆ ಎನ್‌ಐಒಎಸ್ ಮೊದಲ ಆಯ್ಕೆಯೇ ಆಗಬಹುದು. ಎಸ್‌ಎಸ್‌ಎಲ್‌ಸಿ ಮತ್ತು ಸಿಬಿಎಸ್‌ಇಯಲ್ಲೂ ಅಂಗವೈಕಲ್ಯ ಪ್ರಮಾಣಪತ್ರವಿದ್ದರೆ ಹೆಚ್ಚುವರಿ ಸಮಯ, ಉತ್ತರ ಬರೆದುಕೊಡುವವರ ನೆರವು, ಕೆಲವು ವಿನಾಯಿತಿಗಳು ಸಿಗುತ್ತವೆ. ಆದರೆ ಪ್ರಮಾಣಪತ್ರವನ್ನು ಹತ್ತನೇ ತರಗತಿಯ ಜನವರಿಯಲ್ಲಿ ಹುಡುಕಲು ಹೊರಟರೆ ಆಗದು. ಎಂಟನೆಯಲ್ಲೇ ಮಾಡಿಸಿಟ್ಟುಕೊಳ್ಳಿ.

ಎನ್‌ಐಒಎಸ್‌ನ ಕೊರತೆಯನ್ನೂ ಹೇಳಬೇಕು. ದಿನವೂ ಎಬ್ಬಿಸಿ ಓದಿಸುವವರು ಬೇಕು. ಮನೆಯಲ್ಲಿ ಅಂಥವರಿಲ್ಲದಿದ್ದರೆ ಐದು ವರ್ಷದ ಅವಕಾಶ ಐದು ವರ್ಷ ಕಳೆದುಹೋಗುವುದಕ್ಕೂ ದಾರಿಯಾಗುತ್ತದೆ.

ಹತ್ತಾದ ಮೇಲೆ ಏನು?

ಇಲ್ಲಿ ಮಂಡಳಿಯ ಮಹತ್ವ ಜನ ತಿಳಿದಷ್ಟಿಲ್ಲ. ವೈದ್ಯಕೀಯ ಪ್ರವೇಶಕ್ಕೆ ನೀಟ್ ಅಂಕವೇ ಲೆಕ್ಕ. ಕರ್ನಾಟಕದ ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅರ್ಧ, ಪಿಯು ಅಥವಾ 12ನೇ ತರಗತಿಯ ಅಂಕ ಅರ್ಧ. ಹತ್ತನೆಯ ಅಂಕ ಈ ಎರಡರಲ್ಲೂ ಬರುವುದಿಲ್ಲ. ಹತ್ತರ ಅಂಕ ನೇರವಾಗಿ ಬೇಕಾಗುವುದು ಒಳ್ಳೆಯ ಪಿಯು ಕಾಲೇಜು, ಪಾಲಿಟೆಕ್ನಿಕ್ ಡಿಪ್ಲೊಮಾ, ಐಟಿಐ ಪ್ರವೇಶಕ್ಕೆ. ಡಿಪ್ಲೊಮಾ ಮನಸ್ಸಿನಲ್ಲಿದ್ದರೆ ನಿಮ್ಮ ಮಗು ಎಲ್ಲಿ ಹೆಚ್ಚು ಅಂಕ ತೆಗೆಯಬಲ್ಲದು ಎಂಬುದನ್ನೇ ನೋಡಿ.

ಸಿಇಟಿಯಲ್ಲಿ ಒಂದು ಮೀಸಲಾತಿಯನ್ನು ಮರೆತು ಹಲವರು ಕೈಸುಟ್ಟುಕೊಂಡಿದ್ದಾರೆ. 1ರಿಂದ 10ರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5, ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದವರಿಗೆ ಶೇ 15. ಹತ್ತೂ ವರ್ಷ ಬೇಕು. ಎಂಟು ವರ್ಷ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದ ಜಾಣ ಮಗುವನ್ನು ಒಂಬತ್ತಕ್ಕೆ ಪಟ್ಟಣದ ಇಂಗ್ಲಿಷ್ ಶಾಲೆಗೆ ತಂದರೆ ಎರಡೂ ಹೋಯಿತು. ಇಂಗ್ಲಿಷ್ ಕಲಿಸಬೇಕೆಂದರೆ ಬೇರೆ ದಾರಿ ಹುಡುಕಿ, ಶಾಲೆ ಬಿಡಿಸಬೇಡಿ.

ಸಮಯದ ಅಂತರವೂ ಇದೆ. 2025ರಲ್ಲಿ ಐಸಿಎಸ್‌ಇ ಫಲಿತಾಂಶ ಏಪ್ರಿಲ್ 30ಕ್ಕೆ, ಎಸ್‌ಎಸ್‌ಎಲ್‌ಸಿ ಮೇ 2ಕ್ಕೆ, ಸಿಬಿಎಸ್‌ಇ ಮೇ 13ಕ್ಕೆ ಬಂತು. ಬೇಡಿಕೆಯ ಪಿಯು ಕಾಲೇಜುಗಳಲ್ಲಿ ಆ ಹನ್ನೊಂದು ದಿನ ದೊಡ್ಡದು. ಸಿಬಿಎಸ್‌ಇ ಪೋಷಕರು ಕಾಲೇಜಿನ ಅರ್ಜಿಯನ್ನು ಫಲಿತಾಂಶಕ್ಕೆ ಕಾಯದೆ ಮೊದಲೇ ಹಾಕಿಡಬೇಕು.

ನನ್ನ ಅಭಿಪ್ರಾಯ, ಸಂದರ್ಭಕ್ಕೆ ತಕ್ಕಂತೆ

ಕನ್ನಡ ಮಾಧ್ಯಮದಲ್ಲಿ ಬೆಳೆದ ಮಗು, ಕರ್ನಾಟಕದಲ್ಲೇ ಮುಂದೆ ಓದುವ ಉದ್ದೇಶ: ಎಸ್‌ಎಸ್‌ಎಲ್‌ಸಿ, ಸಂದೇಹವೇ ಬೇಡ. ಸಿಬಿಎಸ್‌ಇ ಹತ್ತನೇ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಗೊತ್ತಿರುವ ವಿಜ್ಞಾನವನ್ನು ಗೊತ್ತಿಲ್ಲದ ಭಾಷೆಯಲ್ಲಿ ಬರೆಸುವುದು ಮಗುವಿಗೆ ಮಾಡುವ ಅನ್ಯಾಯ. ಆದರೆ ಅನ್ವಯಿಕ ಪ್ರಶ್ನೆಗಳ ಅಭ್ಯಾಸವನ್ನು ಹೊರಗಿನಿಂದ ಸೇರಿಸಿ. ಸಿಬಿಎಸ್‌ಇ ತನ್ನ ಮಾದರಿ ಪ್ರಶ್ನೆ ಪತ್ರಿಕೆಗಳನ್ನು ಉಚಿತವಾಗಿ ಹಾಕುತ್ತದೆ, ಗಣಿತ-ವಿಜ್ಞಾನದ ಪಾಠ ಹೇಗೂ ಹೊಂದುತ್ತದೆ. ವಾರಕ್ಕೆ ನಾಲ್ಕು ಸನ್ನಿವೇಶದ ಪ್ರಶ್ನೆ ಬಿಡಿಸಿದರೆ ಪಿಯುಗೆ ಹೋದಾಗ ಎದುರಾಗುವ ಆಘಾತ ಬಹಳ ತಗ್ಗುತ್ತದೆ.

ತಂದೆಗೋ ತಾಯಿಗೋ ಬೇರೆ ರಾಜ್ಯಗಳಿಗೆ ವರ್ಗಾವಣೆಯಾಗುವ ಕೆಲಸ, ಅಥವಾ ದುಬೈ, ಮುಂಬೈನಂಥ ಊರಿನಿಂದ ಮರಳಿ ಬಂದ ಕುಟುಂಬ: ಸಿಬಿಎಸ್‌ಇ. ಇಂಗ್ಲಿಷ್ ಮಾಧ್ಯಮದ ನಗರದ ಮಗು, ಎರಡೂ ಮಂಡಳಿಯ ಶಾಲೆ ಹತ್ತಿರದಲ್ಲಿವೆ: ಮಂಡಳಿ ಬಿಡಿ, ಗಣಿತದ ಟೀಚರ್ ಯಾರು ಎಂದು ನೋಡಿ.

ಸಿಬಿಎಸ್‌ಇ, ಐಸಿಎಸ್‌ಇ ಎರಡರಲ್ಲೂ ನೋಂದಣಿ ಒಂಬತ್ತರಲ್ಲೇ ಆಗಿಬಿಡುತ್ತದೆ. ನೇರ ಹತ್ತಕ್ಕೆ ಸೇರುವುದು ಪೋಷಕರ ವರ್ಗಾವಣೆಯಂಥ ಕಾರಣವಿದ್ದರೆ ಮಾತ್ರ ಸಾಧ್ಯ. ಆದ್ದರಿಂದ ತೀರ್ಮಾನಕ್ಕೆ ಎಂಟನೇ ತರಗತಿಯೇ ಕೊನೆಯ ಗಡುವು. ಸೇರಿಸುವ ಮೊದಲು ಶಾಲೆಯ ಸಂಯೋಜನೆ ಸಂಖ್ಯೆಯನ್ನು (ಅಫಿಲಿಯೇಷನ್ ನಂಬರ್) ಕೇಳಿ, ಮಂಡಳಿಯ ಜಾಲತಾಣದಲ್ಲಿ ಹಾಕಿ ನೋಡಿ, ಹತ್ತರವರೆಗೆ ಮಾನ್ಯತೆ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಗೋಡೆಯ ಮೇಲೆ ಸಿಬಿಎಸ್‌ಇ ಎಂದು ಬರೆದು, ಒಂಬತ್ತಕ್ಕೆ ಬಂದಾಗ "ನೋಂದಣಿ ರಾಜ್ಯ ಪಠ್ಯದ್ದು" ಎನ್ನುವ ಶಾಲೆಗಳಿಂದ ಮಕ್ಕಳು ನಡುದಾರಿಯಲ್ಲಿ ನಿಂತದ್ದುಂಟು.

ಆಮೇಲೆ ಇನ್ನೊಂದು ಕೆಲಸ ಮಾಡಿ. ಒಂಬತ್ತನೇ ತರಗತಿಯ ತಿದ್ದಿದ ಉತ್ತರ ಪತ್ರಿಕೆಗಳನ್ನು, ಮಕ್ಕಳ ಹೆಸರು ಮುಚ್ಚಿಯಾದರೂ ಸರಿ, ತೋರಿಸಲು ಮುಖ್ಯೋಪಾಧ್ಯಾಯರನ್ನು ಕೇಳಿ. ತಪ್ಪಿಗೆ ಕೆಂಪು ಗೀಟು ಹಾಕಿ ಅಂಕ ಕೊಟ್ಟು ಬಿಟ್ಟಿದ್ದಾರೆಯೇ, ಅಥವಾ ಎಲ್ಲಿ ತಪ್ಪಿತು, ಹೇಗೆ ಬರೆಯಬೇಕಿತ್ತು ಎಂದು ಪಕ್ಕದಲ್ಲಿ ಎರಡು ಸಾಲು ಬರೆದಿದ್ದಾರೆಯೇ ನೋಡಿ. ಆ ಪತ್ರಿಕೆ ಮಗುವಿನ ಕೈಗೆ ಮರಳಿ ಹೋಗುತ್ತದೆಯೇ, ತಪ್ಪಾದ ಲೆಕ್ಕವನ್ನು ಮತ್ತೆ ಮಾಡಿಸುತ್ತಾರೆಯೇ ಎಂದೂ ಕೇಳಿ. ಹೌದು ಎನ್ನುವ ಶಾಲೆ ಸಿಕ್ಕರೆ, ಅದರ ಫಲಕದ ಮೇಲೆ ಯಾವ ಮಂಡಳಿಯ ಹೆಸರಿದ್ದರೂ ಅರ್ಜಿ ಫಾರಂ ತೆಗೆದುಕೊಳ್ಳಿ.